ತಪಸ್ಸುಕಾಲದಲ್ಲೊಂದು ಅಲ್ಲೆಲೂಯ

ನವೆಂಬರ್ 4

ಪ್ರೀತಿಯ ಮೊದ್ದು,

ಹೇಗಿದ್ದೀಯ? ನಾನು ಚೆನ್ನಾಗಿದ್ದೀನಿ. ಹಾಗಂತ ಬರೆದ ಮೇಲೆ ನೀನು ನಂಬಬೇಕು. ಕನ್ಯಾಮಠದಲ್ಲಿ ಕೂತಿರೋ ಅಕ್ಕ ಸುಳ್ಳು ಹೇಳ್ತಾಳಾ?

ಈ ಸಲ ನನಗೊಂದು ಸಹಾಯ ಆಗಬೇಕು, ನಗಬಾರದು. ನಿನ್ನ ಮೊಬೈಲ್ ರಿಪೇರಿ ಅಂಗಡೀಲಿ ಯಾರಿಗೂ ಬೇಡವಾದ ಹಳೇ ಟ್ಯಾಬ್ ಒಂದು ಇದ್ದೇ ಇರುತ್ತೆ. ಅದನ್ನು ಸರಿ ಮಾಡಿ, ನಾವು ದಿನಾ ಹೇಳೋ ಪ್ರಾರ್ಥನೆಗಳನ್ನೆಲ್ಲ ಹಾಕಿ ಕಳಿಸು. ಬೆಳಗಿನದು, ಸಂಜೆಯದು, ಮಲಗೋ ಮುಂಚಿನದು, ಎಲ್ಲ. ತಾರೀಖು ನೋಡ್ಕೊಂಡು ಆಯಾ ದಿನದ ಕೀರ್ತನೆ ಅದೇ ತೆಗೆದುಕೊಡುತ್ತಂತೆ, ಇಂಟರ್ನೆಟ್ಟೂ ಬೇಡವಂತೆ. ಹೋದ ತಿಂಗಳು ಪೂಜೆಗೆ ಬಂದಿದ್ದ ಫಾದರ್ ಹತ್ತಿರ ನೋಡಿದೆ. ಬೇಕು ಅನ್ನಿಸಿದ್ರೆ ಅದೇ ಗಟ್ಟಿಯಾಗಿ ಓದಿಯೂ ಹೇಳುತ್ತೆ. ನಮ್ಮ ಮಠದ ಮದರ್ ಒಪ್ಪಿದ್ದಾರೆ. ಜೊತೆಗೆ ಕಿವಿಗೆ ಹಾಕ್ಕೊಳ್ಳೋದೂ ಒಂದು ಇರಲಿ. ಚಿಕ್ಕದು, ಎದ್ದು ಕಾಣದಂಥದು.

ಚಾಪೆಲ್‌ನಲ್ಲಿ ಮೊದಲ ಸಾಲು ಎತ್ತಿಕೊಡೋ ಕೆಲಸ ಈಗಲೂ ನಂದೇ. ನಾನು ಒಂದು ಸಾಲು ಹೇಳಿದ ಮೇಲೆ ಮಿಕ್ಕವರು ಮುಂದಿನದು ಹೇಳಬೇಕು. ಮೊನ್ನೆ ಮದರ್, "ನಿಮ್ಮ ದನಿ ಇಲ್ಲದೆ ನಮಗೆ ಬಾಯಿ ಏಳಲ್ಲ" ಅಂದ್ರು. ಸ್ವಲ್ಪ ಉಬ್ಬಿದೆ. ಅದಕ್ಕೆ ಪಾಪನಿವೇದನೆಯನ್ನೂ ಮಾಡಿ ಆಯ್ತು.

ಇನ್ನೊಂದು ಮಾತು. ಆ ಬಾಲ್ ಪೆನ್ನಲ್ಲಿ ಇರುವೆ ಸಾಲಿನ ಹಾಗೆ ಬರೆದು ಕಳಿಸಬೇಡ. ಕಪ್ಪು ಮಾರ್ಕರಲ್ಲಿ ದಪ್ಪಗೆ ಬರಿ. ಅಂಚೆ ಚೀಲ ಒದ್ದೆಯಾಗಿ ಶಾಯಿ ಕದಡಿಹೋಗುತ್ತೆ.

ಸಂಜೆ ಏಳಕ್ಕೆ ತಪ್ಪದೆ ಪುಸ್ತಕ ತೆಗೀತಿದ್ದೀಯ ತಾನೆ?

ನಿನ್ನ ಅಕ್ಕ


ನವೆಂಬರ್ 13

ಅಕ್ಕಾ,

ನೋಡು, ಮಾರ್ಕರಲ್ಲೇ ಬರೀತಿದ್ದೀನಿ. ಒಂದು ಹಾಳೆಗೆ ನಾಲ್ಕು ಮಾತು ಹಿಡಿಯಲ್ಲ. ಗೋಡೆ ಮೇಲೆ "ಇಲ್ಲಿ ಗಾಡಿ ನಿಲ್ಲಿಸಬೇಡಿ" ಅಂತ ಬರೆದ ಹಾಗಿದೆ. ಮನೆಯವಳು ನೋಡಿ, "ಅಕ್ಕನಿಗೆ ಕಾಗದ ಬರೀತಿದ್ದೀರೋ ಬೋರ್ಡ್ ಬರೀತಿದ್ದೀರೋ?" ಅಂದಳು.

ನಗಬಾರದು ಅಂದೆಯಲ್ಲ, ನಗು ಬರಲಿಲ್ಲ. ಬೇಜಾರಾಯ್ತು. ಬೆಳಗಿಂದ ನಾನು ಮಾಡೋದಾದ್ರೂ ಏನು ಹೇಳು? ಒಡೆದ ಗಾಜು ಬದಲಿಸೋದು, ಉಬ್ಬಿದ ಬ್ಯಾಟರಿ ಕೀಳೋದು, ನೀರಿಗೆ ಬಿದ್ದ ಫೋನಿನ ಹೊಟ್ಟೆ ಬಿಚ್ಚಿ ಒರೆಸೋದು. ಒಳಗೆ ಏನಿದೆ ಅಂತ ನನ್ನಷ್ಟು ಯಾರಿಗೆ ಗೊತ್ತು? ಅದಕ್ಕೇ ಏಳು ಹೊಡೀತಿದ್ದ ಹಾಗೆ ಅದನ್ನೆಲ್ಲ ಆಚೆ ತಳ್ಳಿ, ಕೈ ತೊಳೆದು ಪುಸ್ತಕ ಹಿಡೀತೀನಿ. ಪುಸ್ತಕಕ್ಕೆ ಯಾರೂ ಫೋನ್ ಮಾಡಲ್ಲ. ಮಧ್ಯದಲ್ಲಿ "ಚಾರ್ಜ್ ಕಡಿಮೆಯಿದೆ" ಅಂತ ಅದು ಹೆದರಿಸೋದೂ ಇಲ್ಲ.

ನೀನು ಮಠಕ್ಕೆ ಹೊರಟ ದಿನ ಮರೆತುಹೋಯ್ತಾ? ನಾನು ಮಂಚದ ಕೆಳಗೆ ಹೋಗಿ ಕೂತಿದ್ದೆ, ಹೊರಗೆ ಬರಲ್ಲ ಅಂತ ಹಟ. ಅಪ್ಪ ಒಂದೇ ಥರದ ಎರಡು ಪ್ರಾರ್ಥನೆ ಪುಸ್ತಕ ತಂದಿದ್ದರು. ನಿನಗೊಂದು, ನನಗೊಂದು. "ಏಳು ಗಂಟೆಗೆ ಅವಳು ಯಾವ ಪುಟ ತೆಗೀತಾಳೋ ನೀನೂ ಅದನ್ನೇ ತೆಗಿ, ಇಬ್ಬರೂ ಒಟ್ಟಿಗಿದ್ದ ಹಾಗೇ" ಅಂದ್ರು. ಆಮೇಲೇ ನಾನು ಮಂಚದ ಕೆಳಗಿಂದ ಬಂದಿದ್ದು. ಅವತ್ತಿಂದ ಒಂದು ಸಂಜೆಯೂ ಆ ಪುಟ ಬಿಟ್ಟವನಲ್ಲ. ಈಗ ನಿನಗೆ ಪುಸ್ತಕ ಭಾರವಾಯ್ತಾ?

ಅದಿರಲಿ, ನಿನ್ನ ಅಕ್ಷರಕ್ಕೆ ಏನಾಯ್ತು? ಮುತ್ತು ಪೋಣಿಸಿದ ಹಾಗೆ ಬರೀತಿದ್ದವಳು. ಈ ಸಲ ಒಂದು ಸಾಲು ಇನ್ನೊಂದರ ಹೆಗಲೇರಿ ಕೂತಿದೆ. ಅವಸರದಲ್ಲಿ ಬರೆದೆಯಾ?

ಅಡಿಗೆಮನೆ ಸಿಸ್ಟರ್ ಹೇಗಿದ್ದಾರೆ? ಹೋದ ಭೇಟೀಲಿ ಅವರು ಕೊಟ್ಟ ಬ್ರೆಡ್ ಕಚ್ಚಿ ನನ್ನ ಹಲ್ಲು ಇನ್ನೂ ಅಲ್ಲಾಡ್ತಿದೆ. ಅದನ್ನು ತಿಂದುಕೊಂಡು ಇರೋದೇ ನಿಮಗೆ ಒಂದು ತಪಸ್ಸು ಬಿಡು.

ನಿನ್ನ ತಮ್ಮ


ನವೆಂಬರ್ 25

ಮೊದ್ದು,

ಉಪದೇಶ ತಲುಪಿತು. ಮಠ ಸೇರಿದ್ದು ನಾನಾ ನೀನಾ?

ಪುಸ್ತಕ ಭಾರ ಅಂತ ನಾನೆಲ್ಲಿ ಅಂದೆ? ಕಾಲ ಬದಲಾಗಿದೆ, ನಾವೂ ಬದಲಾಗೋಣ ಅನ್ನಿಸಿತು, ಅಷ್ಟೇ. ಅಕ್ಷರದ ವಿಷಯ ಕೇಳಿದೆಯಲ್ಲ, ಹೊಸ ಪೆನ್ನು, ಕೈಗೆ ಇನ್ನೂ ಒಗ್ಗಿಲ್ಲ.

ಅಡಿಗೆಮನೆ ಸಿಸ್ಟರ್ ಬಗ್ಗೆ ಇನ್ನು ಮುಂದೆ ಒಂದಕ್ಷರ ಬರೀಬೇಡ. ಯಾಕೆ ಅಂತ ಕೇಳಲೂಬೇಡ.

ಟ್ಯಾಬ್ ಕಳಿಸ್ತೀಯೋ, ನಾನೇ ಬಂದು ಕಿವಿ ಹಿಂಡಲೋ?

ಅಕ್ಕ


ಡಿಸೆಂಬರ್ 8

ಅಕ್ಕಾ,

ಪಾರ್ಸೆಲ್ ಈ ಕಾಗದದ ಹಿಂದೆಯೇ ಬರುತ್ತೆ. ಯಾರೋ ರಿಪೇರಿಗೆ ಕೊಟ್ಟು ತಗೊಳ್ಳೋಕೆ ಬಾರದೇ ಹೋದ ಟ್ಯಾಬು. "ಇನ್ನು ಅದು ನಿನ್ನದೇ" ಅಂತ ಫೋನಲ್ಲಿ ಹೇಳಿಬಿಟ್ಟರು. ಗಾಜು ಹೊಸದು, ಬ್ಯಾಟರಿ ಹೊಸದು. ಅಕ್ಷರ ಎಷ್ಟು ಬೇಕೋ ಅಷ್ಟು ದೊಡ್ಡದಾಗುತ್ತೆ. ಬಲಗಡೆಯ ಗುಂಡಿ ಒತ್ತಿದ್ರೆ ಒಬ್ಬ ಹೆಂಗಸು ಓದ್ತಾಳೆ. ಕಿವಿಯದು ಕಡಲೆಕಾಳಿನಷ್ಟಿದೆ, ಎಲ್ಲಾದ್ರೂ ನುಂಗಿಬಿಟ್ಟೀಯ.

ಒಂದೇ ಒಂದು ಮಾತು. ಚಾರ್ಜು ಪೂರ್ತಿ ಇಳಿಯೋಕೆ ಬಿಡಬೇಡ. ದಿನಾ ಚುಚ್ಚಿಡು. ಬೇರೇನಿಲ್ಲ, ಹಾಗೆ ಮಾಡಿದ್ರೆ ಒಳ್ಳೇದು.

ಇನ್ನು ಮೇಲೆ ನಾನು ಪುಟ ತಿರುವೋವಾಗ ನೀನು ಗಾಜಿನ ಮೇಲೆ ಬೆರಳು ಎಳೀತಿರ್ತೀಯ. ಇರಲಿ. ನಿನಗೆ ಬೇಕು ಅಂದ್ರೆ ನನಗೆ ಬೇಡ ಅನ್ನೋಕೆ ಬರುತ್ತಾ?

ತಮ್ಮ


ಜನವರಿ 6

ನನ್ನ ಚಿನ್ನದಂಥ ಮೊದ್ದು,

ನಿನ್ನ ಕೈಗೆ ಮುತ್ತು ಕೊಡಬೇಕು. ಟ್ಯಾಬ್ ಬಂದಾಗಿನಿಂದ ನನಗೆ ಹೋದ ಜೀವ ಬಂದ ಹಾಗಾಗಿದೆ.

ಓದೋ ಹೆಂಗಸಿಗೆ ನಾನು ಯಜಮಾನಿ ಅಂತ ಹೆಸರಿಟ್ಟಿದ್ದೀನಿ. ಬಿಡುವಾದಾಗ ಓದಿಸಿ ಕೇಳ್ತೀನಿ. ಏನು ಗತ್ತು ಅಂತೀಯ! ಪಿತನಿಗೂ ಸುತನಿಗೂ ಮಹಿಮೆ ಹೇಳೋವಾಗ ರೈಲು ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತೆ ಅಂತ ಹೇಳಿದ ಹಾಗಿರುತ್ತೆ. ಕೀರ್ತನೆಯ ನಂಬರು, ಅಡ್ಡಗೆರೆ, ಆವರಣ, ಒಂದನ್ನೂ ಬಿಡಲ್ಲ ಮಹಾತಾಯಿ. ಅವಳನ್ನು ಸೋಸಿಕೊಂಡು ಪ್ರಾರ್ಥನೆ ಹೆಕ್ಕೋದು ಒಂದು ಕಸುಬು.

ಮದರ್‌ಗೆ ಸಂತೋಷ. ಸಂಜೆ ಪ್ರಾರ್ಥನೆ ಈಗ ಮೊದಲಿಗಿಂತ ಚುರುಕಾಗಿ ಸಾಗ್ತಿದೆ ಅಂದ್ರು. ನನಗೆ ಬೇಕಾಗಿದ್ದೂ ಅದೇ.

ನೀನು ಮುಖ ಊದಿಸ್ಕೊಂಡಿದ್ದೀಯ ಅಂತ ಗೊತ್ತು. ಊದಿಸ್ಕೋಬೇಡ, ಅಂದ ಕೆಡುತ್ತೆ.

ಅಕ್ಕ


ಫೆಬ್ರವರಿ 2

ಅಕ್ಕಾ,

ನನಗೆ ಮೊದಲೇ ಅಂದ ಕಡಿಮೆ, ಊದಿಸ್ಕೊಂಡ್ರೂ ನಷ್ಟವಿಲ್ಲ.

ಸುಳ್ಳು ಯಾಕೆ ಹೇಳಲಿ, ಮೊನ್ನೆ ಏಳು ಗಂಟೆಗೆ ಪುಸ್ತಕ ತೆಗೆದು ಕೂತೆ, ಮನಸ್ಸು ಹತ್ತಲಿಲ್ಲ. ಇಷ್ಟು ವರ್ಷ ಪುಟ ತೆಗೆದ ತಕ್ಷಣ ಆ ಕಡೆ ನೀನೂ ತೆಗೆದೆ ಅನ್ನೋ ಧೈರ್ಯ ಇರ್ತಿತ್ತು. ಈಗ ಆ ಕಡೆ ಯಜಮಾನಿ ಕೂತಿರ್ತಾಳೆ. ನೀನು ಅವಳ ಜೊತೆ, ನಾನು ಒಬ್ಬನೇ. ಐವತ್ತು ದಾಟಿದ ಗಂಡಸು ಹೀಗೆ ಬರೀತಿದ್ದಾನೆ ಅಂತ ನಗ್ತೀಯೇನೋ. ನಗು ಪರವಾಗಿಲ್ಲ. ಆದ್ರೆ ಬರಿ.

ತಮ್ಮ


ಮಾರ್ಚ್ 4

ಅಕ್ಕಾ,

ಒಂದು ತಿಂಗಳಾಯ್ತು, ನಿನ್ನಿಂದ ಒಂದು ಸಾಲಿಲ್ಲ. ಬೂದಿ ಬುಧವಾರಕ್ಕೆ ಪ್ರತಿ ವರ್ಷ ಬರೀತಿದ್ದವಳು, "ತಪಸ್ಸುಕಾಲ ಶುರುವಾಯ್ತು, ಸಿಗರೇಟು ಬಿಡು" ಅಂತ. ಈ ವರ್ಷ ಬಯ್ಯೋಕೂ ಕಾಗದ ಇಲ್ಲ. ನಾನೇ ಬಿಟ್ಟಿದ್ದೀನಿ, ಅದನ್ನು ಯಾರಿಗೆ ಹೇಳಲಿ?

ಹೋದ ಕಾಗದದಲ್ಲಿ ಜಾಸ್ತಿ ಮಾತಾಡಿಬಿಟ್ಟೆನಾ? ಯಜಮಾನಿ, ಗಿಜಮಾನಿ ಅಂತೆಲ್ಲ? ಬೇಕಾದ್ರೆ ಅವಳಿಗೂ ನಮಸ್ಕಾರ ಹೇಳು. ಮಠದ ಆಫೀಸಿಗೆ ಫೋನ್ ಮಾಡಿದೆ. "ಚೆನ್ನಾಗಿದ್ದಾರೆ, ಕಾಗದ ಬರುತ್ತೆ" ಅಂದು ಇಟ್ಟುಬಿಟ್ಟರು. ಆ ಫೋನು ಡಾಕ್ಟರಿಗೂ ಗ್ಯಾಸಿನವನಿಗೂ ಮಾತ್ರ ಅಂತ ನನಗೂ ಗೊತ್ತು. ಕೇಳದೆ ಇರೋಕೆ ಆಗಲಿಲ್ಲ.

ಬೈದಾದರೂ ಬರಿ ಅಕ್ಕಾ.

ತಮ್ಮ


ಮಾರ್ಚ್ 12

ಪ್ರೀತಿಯ ಮೊದ್ದು,

ಈ ಅಕ್ಷರ ನಂದಲ್ಲ ಅಂತ ನೋಡಿದ ಕೂಡಲೇ ಗೊತ್ತಾಗಿರುತ್ತೆ. ಹೆದರಬೇಡ, ಬದುಕಿದ್ದೀನಿ. ನಾನು ಹೇಳ್ತಿದ್ದೀನಿ, ಅಡಿಗೆಮನೆ ಸಿಸ್ಟರ್ ಬರ್ಕೊಳ್ತಿದ್ದಾಳೆ. (ಬ್ರೆಡ್ಡಿನ ವಿಷಯ ಇದ್ದ ಆ ಕಾಗದವನ್ನೂ ಗಟ್ಟಿಯಾಗಿ ಓದಿ ಹೇಳಿದವಳು ನಾನೇ. ನಿಮ್ಮ ಹಲ್ಲು ಈಗ ಹೇಗಿದೆ? — ಬರೆಯುವವಳು.)

ಅವಳನ್ನು ಬಿಡು, ಇನ್ನು ನಿನ್ನ ಪಾಡು ನಿಂದು. ನಾನು ಹೇಳೋದನ್ನು ಕೂತ್ಕೊಂಡು ಕೇಳು.

ನನಗೆ ಕಣ್ಣು ಹೋಗ್ತಾ ಇದೆ. ಹೋದ ವರ್ಷದಿಂದ. ಸುತ್ತಮುತ್ತ ಕಾಣುತ್ತೆ, ಯಾವುದನ್ನು ದಿಟ್ಟಿಸಿ ನೋಡ್ತೀನೋ ಅದು ಮಾತ್ರ ಮಬ್ಬಾಗಿಬಿಡುತ್ತೆ. ಕಿಟಕಿ ಕಾಣುತ್ತೆ, ಕಿಟಕೀಲಿ ನಿಂತವರ ಮುಖ ಕಾಣಲ್ಲ. ಡಾಕ್ಟರು ಇದು ವಾಪಸು ಬರೋದಲ್ಲ ಅಂದ್ರು. ಯಾರಿಗೂ ಹೇಳಬೇಡಿ ಅಂತ ಅವರ ಹತ್ತಿರ ಬೇಡ್ಕೊಂಡೆ. ಹೊಸ ಪೆನ್ನೂ ಇಲ್ಲ, ಒದ್ದೆ ಅಂಚೆ ಚೀಲವೂ ಇಲ್ಲ ಕಣೋ. ನಿನ್ನ ಮಾರ್ಕರು ಮೊದಲ ಕಾಗದಕ್ಕೇ ಸಾಲದೆ ಹೋಯ್ತು, ಆಗ ಇವಳ ಕಾಲು ಹಿಡಿದೆ. ಬರೆಯೋದೂ ಕೈಬಿಟ್ಟಾಗ ನಿನಗೆ ಏನಂತ ಹೇಳಲಿ ಅಂತ ಇಷ್ಟು ದಿನ ಕಾಗದ ಹಾಕಲಿಲ್ಲ.

ಟ್ಯಾಬ್ ಬಂದಾಗ ಅಕ್ಷರ ದೊಡ್ಡದು ಮಾಡಿ ಮಾಡಿ ನೋಡಿದೆ. ಕೊನೆಗೆ ಇಡೀ ಗಾಜಿನ ಮೇಲೆ ಒಂದು ಮಾತು ಉಳೀತು, ಅದೂ ಮಬ್ಬು. ಆಮೇಲೆ ಆ ಕಡಲೆಕಾಳನ್ನು ಕಿವಿಗಿಟ್ಟು ಮುಸುಕು ಎಳೆದುಕೊಂಡೆ. ಯಜಮಾನಿ ಕಿವೀಲಿ ಹೇಳೋದು, ಅದನ್ನೇ ನಾನು ಗಟ್ಟಿಯಾಗಿ ಎತ್ತೋದು. ಎದುರಿಗೆ ಪುಸ್ತಕ ತೆರೆದಿಟ್ಟು ಆಗಾಗ ಪುಟ ಬೇರೆ ತಿರುವ್ತಿದ್ದೆ. ನಾಟಕ ಮಂಡಳಿ ಸೇರಬೇಕಾಗಿತ್ತು ನಾನು.

ಇಷ್ಟು ವರ್ಷ ಹೇಳಿದ್ದು ಬಾಯಿಗೆ ಬರಲ್ವಾ ಅಂತೀಯ. ಬರುತ್ತೆ, ಅರ್ಧ. ಅರ್ಧಕ್ಕೆ ಇನ್ನೊಂದು ಕೀರ್ತನೆಗೆ ದಾರಿ ತಪ್ಪಿ ಹೋಗಿಬಿಡ್ತೀನಿ, ಹಿಂದೆ ಬರೋರೆಲ್ಲ ನನ್ನ ಜೊತೆ ದಾರಿ ತಪ್ತಾರೆ.

ಹೋದ ಗುರುವಾರ ಆಗಿದ್ದು ಇಷ್ಟು. ಹಿಂದಿನ ದಿನ ಟ್ಯಾಬನ್ನು ಚಾರ್ಜಿಗೆ ಹಾಕಿದ್ದೆ, ಪಿನ್ನು ಸರಿಯಾಗಿ ಕೂತಿಲ್ಲ ಅಂತ ಕಾಣಲಿಲ್ಲ. ಅದು ಪೂರ್ತಿ ಸತ್ತು, ಮಧ್ಯಾಹ್ನ ಇವಳು ಚುಚ್ಚಿದ ಮೇಲೆ ಎದ್ದಿತು. ಎದ್ದದ್ದು ಮಾತ್ರ ಎಷ್ಟೋ ವರ್ಷದ ಹಿಂದಿನ ಒಂದು ಮೇ ತಿಂಗಳಲ್ಲಿ, ಈಸ್ಟರ್ ಕಾಲದ ಮಧ್ಯೆ. ಸಂಜೆ ನಾನು ಎದ್ದು ನಿಂತೆ. ಯಜಮಾನಿ ಶುರು ಮಾಡಿದಳು. ನನ್ನ ಬಾಯಿ ಅವಳ ಹಿಂದೆ ಓಡಿತು. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಯಾವ ಒಂದು ಹಿಗ್ಗಿನ ಮಾತನ್ನು ನಾವ್ಯಾರೂ ಪ್ರಾರ್ಥನೆಯಲ್ಲಿ ಬಾಯಿಗೆ ತರೋ ಹಾಗಿಲ್ಲವೋ, ಅದನ್ನು ಇದ್ದಬದ್ದ ದನಿಯಲ್ಲೆಲ್ಲ ಎತ್ತಿಬಿಟ್ಟೆ: "ಅಲ್ಲೆಲೂಯ!"

ಮಿಕ್ಕವರು ಅಭ್ಯಾಸಬಲದಿಂದ ತಿರುಗಿ ಅದಕ್ಕಿಂತ ಜೋರಾಗಿ "ಅಲ್ಲೆಲೂಯ!" ಅಂದ್ರು.  ನಮ್ಮ ಎಲ್ಲರಿಗಿಂತ ಹಿರಿಯ ಸಿಸ್ಟರ್‌ಗೆ ಕಿವಿ ಮಂದ. ಅವರು, "ಈಸ್ಟರ್ ಬಂದೇಬಿಡ್ತಾ? ನನಗೆ ಯಾರೂ ಹೇಳಲೇ ಇಲ್ಲವಲ್ಲ!" ಅಂದ್ರು. ಒಬ್ಬಳು ಕಿಸಕ್ ಅಂದಳು. ಅಲ್ಲಿಗೆ ಮುಗೀತು, ಎಲ್ಲರೂ ಬೆಂಚು ಹಿಡಿದು ನಕ್ಕರು. ನಗದೆ ಇದ್ದವರು ಇಬ್ಬರೇ, ಮದರ್ ಮತ್ತು ನಾನು. ಮದರ್ ಬಂದು ನನ್ನ ಮುಸುಕು ಸರಿಸಿ, ಕಿವಿಯಿಂದ ಅದನ್ನು ತೆಗೆದ್ರು.

ಅವರು ಬೈಯಲಿಲ್ಲ. ಬೈದಿದ್ರೆ ವಾಸಿಯಿತ್ತು. "ನೀವು ಆ ಹೆಂಗಸಿನ ಮಾತು ಒಪ್ಪಿಸ್ತಿದ್ರಿ ಸಿಸ್ಟರ್, ಪ್ರಾರ್ಥನೆ ಮಾಡ್ತಿರಲಿಲ್ಲ" ಅಂದ್ರು.  ನಿಜ ಅಲ್ವಾ? ಅವಳು ಹೇಳ್ತಾಳೆ, ನಾನು ಹೇಳ್ತೀನಿ, ಮಧ್ಯೆ ನಾನು ಎಲ್ಲಿದ್ದೆ? ಮೈಮೇಲೆ ಎಚ್ಚರ ಇದ್ದಿದ್ರೆ ಆ ಮಾತು ಬಾಯಿಂದ ಜಾರ್ತಿತ್ತಾ? ಪುಸ್ತಕವೇ ಸರಿ ಅಂತ ನೀನು ಅಂದಿದ್ದೆ. ಆದ್ರೆ ಪುಸ್ತಕ ನನ್ನನ್ನು ಬಿಟ್ಟುಹೋಯ್ತಲ್ಲೋ.

ಈಸ್ಟರ್‌ವರೆಗೆ ಬೇರೆಯವರು ಎತ್ತಿಕೊಡ್ತಾರೆ, ಆಮೇಲೆ ನೋಡೋಣ ಅಂದಿದ್ದಾರೆ. ನಾನು ಹಿಂದಿನ ಬೆಂಚಿಗೆ ಬಂದಿದ್ದೀನಿ, ಜಪಸರ ಹಿಡ್ಕೊಂಡು. ಜಪಸರ ನನಗೆ ಪ್ರೀತಿಯೇ. ಆದ್ರೆ ನಾನು ಹುಟ್ಟಿದ್ದು ಆ ಮೊದಲ ಸಾಲು ಎತ್ತೋಕೆ ಅಂದ್ಕೊಂಡಿದ್ದೆ. ಅದು ಹೋದ್ರೆ ನಾನು ಇಲ್ಲಿ ಯಾಕಿದ್ದೀನಿ ಅಂತ ಗೊತ್ತಾಗ್ತಿಲ್ಲ. ತುಂಬ ಅಳು ಬರುತ್ತೆ. (ಈಗಲೂ ಅಳ್ತಿದ್ದಾರೆ. ನಾನೂ. — ಬರೆಯುವವಳು.)

ಅಕ್ಕ


ಮಾರ್ಚ್ 20

ಅಕ್ಕಾ, ನನ್ನಕ್ಕಾ,

ಮೊದಲು ಅಡಿಗೆಮನೆ ಸಿಸ್ಟರ್‌ಗೆ: ತಾಯೀ, ಹಲ್ಲು ಗಟ್ಟಿಯಾಗಿದೆ. ಬ್ರೆಡ್ಡೂ ರುಚಿಯಾಗಿತ್ತು. ದಯವಿಟ್ಟು ಮುಂದಕ್ಕೆ ಓದಿ.

ನಿನ್ನ ಕಾಗದ ಅಂಗಡೀಲಿ ನಿಂತ್ಕೊಂಡು ಓದಿದೆ. ಅಲ್ಲೆಲೂಯ ಬಂದಲ್ಲಿ ಹೊಟ್ಟೆ ಹಿಡ್ಕೊಂಡು ನಕ್ಕೆ, ಕೊನೆಗೆ ಬರೋ ಹೊತ್ತಿಗೆ ಶಟರ್ ಅರ್ಧ ಎಳೆದು ಒಳಗೆ ಹೋಗಿ ಅತ್ತೆ. ನನ್ನ ಹತ್ತಿರ ಬಚ್ಚಿಟ್ಟೆಯಲ್ಲ! ಒಂದು ಸಾಲು ಇನ್ನೊಂದರ ಹೆಗಲೇರಿದ್ದು ನನ್ನ ಕಣ್ಣಿಗೇ ಬಿತ್ತು, ಆದ್ರೂ ತಲೆಗೆ ಹೋಗಲಿಲ್ಲ. ನೀನು ನನ್ನನ್ನು ಎರಡನೇ ಸಲ ಬಿಟ್ಟುಹೋದೆ ಅಂತ ನಾನು ಮುನಿಸ್ಕೊಂಡು ಕೂತಿದ್ದೆ. ನೀನು ಕತ್ತಲಲ್ಲಿ ಪುಟ ತಿರುವುತ್ತಾ ಇದ್ದೆ. ಮೊದ್ದು ಅಂತ ಸುಮ್ಮನೆ ಕರೀಲಿಲ್ಲ ನೀನು.

ಇನ್ನೊಂದು. ಆ ಟ್ಯಾಬು ಪೂರ್ತಿ ಸತ್ರೆ ತಾರೀಖು ಮರೆತುಬಿಡುತ್ತೆ ಅಂತ ನನಗೆ ಮೊದಲೇ ಗೊತ್ತಿತ್ತು. ಹೇಳಿದ್ರೆ ಮುರುಕಲು ಮಾಲು ಕಳಿಸಿದ ಅಂತೀಯೇನೋ ಅಂತ ನಾಚಿಕೆಯಾಗಿ, "ಚಾರ್ಜು ಇಳಿಯೋಕೆ ಬಿಡಬೇಡ" ಅಂದು ಸುಮ್ಮನಾದೆ. ಅಲ್ಲೆಲೂಯದ ತಪ್ಪು ನಂದು. ಮದರ್‌ಗೂ ಬೇರೆ ಕಾಗದ ಬರೆದಿದ್ದೀನಿ, ಬಾಲ್ ಪೆನ್ನಲ್ಲಿ.

ಈಗ ನಾನು ಮಾಡಿರೋದನ್ನು ಕೇಳು. ಇದರ ಜೊತೆ ಒಂದು ಮೆಮೊರಿ ಕಾರ್ಡಿದೆ. ಈಸ್ಟರ್ ಆದಮೇಲಿನ ಸಂಜೆ ಪ್ರಾರ್ಥನೆಗಳನ್ನು ನಾನೇ ಓದಿ ತುಂಬಿಸ್ತಿದ್ದೀನಿ, ಅಪ್ಪ ಕೊಟ್ಟ ಪುಸ್ತಕದಿಂದ, ಅಂಗಡೀಲಿ ನಮ್ಮ ಏಳು ಗಂಟೆಗೆ ಕೂತು. ಮೊದಲ ಕೆಲವು ವಾರದ್ದು ಇದರಲ್ಲಿದೆ, ಮಿಕ್ಕಿದ್ದು ಬರ್ತಾ ಇರುತ್ತೆ. ಪ್ರತಿಯೊಂದರ ಶುರುವಲ್ಲೂ ಇದು ಯಾವ ದಿನದ್ದು ಅಂತ ಬಾಯಿಬಿಟ್ಟು ಹೇಳಿದ್ದೀನಿ. ಒಂದೊಂದು ಸಾಲಾದ ಮೇಲೆ ನೀನು ಎತ್ತೋಕೆ, ಅವರು ಹೇಳೋಕೆ ಜಾಗ ಬಿಟ್ಟಿದ್ದೀನಿ. ನನ್ನ ಓದು ನಿನಗೆ ಗೊತ್ತೇ ಇದೆ. ಯಜಮಾನಿ ಹಾಗೆ ಸರಾಗವಾಗಿ ಬರಲ್ಲ, ತಡವರಿಸ್ತೀನಿ, ಕೆಮ್ಮು ಬೇರೆ. ಕತ್ತರಿಸಿ ಚೆಂದ ಮಾಡೋಕೆ ನನಗೆ ಬರುತ್ತೆ, ಆದ್ರೆ ಮನಸ್ಸು ಬರಲಿಲ್ಲ. ಹೇಗೆ ಓದಿದೆನೋ ಹಾಗೇ ಇದೆ.

ಮದರ್ ಬೇಡ ಅಂದ್ರೆ ಬೇಡ. ಹಿಂದಿನ ಬೆಂಚಲ್ಲಿ ಕೂತು ನೀನೊಬ್ಬಳೇ ಕೇಳು. ನಾನು ಓದ್ತೀನಿ, ನೀನು ಮನಸ್ಸಲ್ಲಿ ಹೇಳು. ನನಗೆ ಅಷ್ಟೇ ಸಾಕು.

ನಿನ್ನ ತಮ್ಮ


ಏಪ್ರಿಲ್ 15

ನನ್ನ ಪ್ರೀತಿಯ ಮೊದ್ದು,

ನಿನ್ನ ಕಾರ್ಡು ಬಂದ ಮೇಲೆ ಮದರ್ ಅದನ್ನು ಮೊದಲು ತಾವೇ ಕೇಳಬೇಕು ಅಂದ್ರು. ಎರಡು ಸಂಜೆ ತಮ್ಮ ಕೋಣೇಲಿ ಬಾಗಿಲು ಹಾಕ್ಕೊಂಡು ಕೇಳಿದ್ರು.  ಆಚೆ ಬಂದವರು, "ನಿಮ್ಮ ತಮ್ಮನಿಗೆ ಉಚ್ಚಾರ ಸಾಲದು" ಅಂದ್ರು.  ಆಮೇಲೆ, "ಆದ್ರೆ ಅವರು ಪ್ರಾರ್ಥನೆ ಮಾಡ್ತಿದ್ದಾರೆ. ಸೋಮವಾರ ಒಂದು ದಿನ ನೀವು ಎತ್ತಿಕೊಡಿ. ನಡೆಯದಿದ್ರೆ ಇನ್ನು ಆ ಮಾತು ಬೇಡ" ಅಂದ್ರು.

ಸೋಮವಾರ ಎದ್ದು ನಿಂತೆ. ಪುಸ್ತಕ ಎದುರಿಗೆ ಇಟ್ಕೊಳ್ಳಲಿಲ್ಲ, ಕಿವಿಯದನ್ನು ಮುಚ್ಚಿಡಲೂ ಇಲ್ಲ. ನೀನು ಗಂಟಲು ಸರಿಮಾಡ್ಕೊಂಡೆ, "ಸೋಮವಾರ, ಈಸ್ಟರ್ ಎರಡನೇ ವಾರ" ಅಂದೆ, ಶುರು ಮಾಡಿದೆ. ನೀನು ಹೇಳಿದ್ದನ್ನು ನಾನು ಎತ್ತಿದೆ, ಅವರು ಹೇಳಿದ್ರು. ನೀನು ತಡವರಿಸಿದಲ್ಲೆಲ್ಲ ನಾನು ನಿಂತು ಕಾಯಬೇಕಾಯ್ತು, ಕಾಯೋವಾಗ ಆ ಮಾತು ಏನು ಅಂತ ಯೋಚಿಸಬೇಕಾಯ್ತು. ಮಧ್ಯೆ ನಾನು ಎಲ್ಲಿದ್ದೆ ಅಂತ ಈ ಸಲ ಕೇಳ್ಕೊಳ್ಳೋ ಹಾಗಿರಲಿಲ್ಲ.

ಎರಡನೇ ಕೀರ್ತನೆಯ ನಡುವೆ ನೀನು ಸುಮ್ಮನಾದೆ. ಸಾಲು ಅರ್ಧಕ್ಕೇ ನಿಂತಿತ್ತು. ನೀನು ಓದಿ ತುಂಬಿಸಿದ ಆ ಸಂಜೆ ಶಟರ್ ಮೇಲೆ ಯಾರೋ ಬಡಿದ ಸದ್ದೂ ಕಾರ್ಡಿನಲ್ಲಿ ಹಾಗೇ ಉಳಿದಿತ್ತು. ನಿನ್ನ ಕುರ್ಚಿ ಕಿರ್ ಅಂತು. "ಒಂದ್ನಿಮಿಷ ಸರ್, ನಾನು ಅಕ್ಕನ ಜೊತೆ ಪ್ರಾರ್ಥನೇಲಿದ್ದೀನಿ" ಅಂತ ನೀನು ಅಂದೆ. ಆ ಮನುಷ್ಯ ಹೋಗಲಿಲ್ಲ. ಏನೋ ಗಾಜು ಒಡೆದಿದೆ, ಅರ್ಜೆಂಟು ಅಂತಿದ್ದ. ನೀನು ಎದ್ದು ಹೋದೆ.

ನಾನೂ ನಿಂತುಬಿಟ್ಟೆ, ಇನ್ನೇನು ಮಾಡಲಿ? ನನ್ನ ಹಿಂದೆ ಇಡೀ ಚಾಪೆಲ್ ನಿಂತಿತು. ಯಾರೋ ಕೆಮ್ಮಿದರು. ಇಲ್ಲಿಗೆ ಎಲ್ಲ ಮುಗೀತು, ಮತ್ತೆ ಹಿಂದಿನ ಬೆಂಚೇ ಗತಿ ಅಂದ್ಕೊಂಡೆ. ಮದರ್ ಹೆಜ್ಜೆ ಕೇಳಿಸ್ತು. ಹತ್ತಿರ ಬಂದು ಮೆಲ್ಲಗೆ, "ಏನಾಯ್ತು ಸಿಸ್ಟರ್?" ಅಂದ್ರು.

"ತಮ್ಮನ ಅಂಗಡಿಗೆ ಯಾರೋ ಬಂದಿದ್ದಾರೆ ಮದರ್" ಅಂದೆ.

ಅವರು ವಾಪಸು ಹೋಗಲಿಲ್ಲ. ನನ್ನ ಪಕ್ಕದಲ್ಲೇ ನಿಂತ್ಕೊಂಡ್ರು. ಯಾರೂ ಕೂರಲಿಲ್ಲ, ಯಾರೂ ಪಿಸುಗುಟ್ಟಲಿಲ್ಲ. ನಿನ್ನ ಗಿರಾಕಿ ಮಾತು ಮುಗಿಸೋವರೆಗೆ ನಾವೆಲ್ಲ ನಿನಗೋಸ್ಕರ ಕಾದು ನಿಂತಿದ್ವಿ ಕಣೋ.

"ಹೋದರಾ?" ಅಂತ ಮದರ್ ಕೇಳಿದರು.

ಶಟರ್ ಎಳೆದ ಸದ್ದು ಕೇಳಿಸ್ತು. ನೀನು ಬಂದು ಕೂತೆ. "ಅಕ್ಕಾ, ಇದ್ದೀಯಾ?" ಅಂದೆ.

"ಇದ್ದೀನಿ" ಅಂದೆ, ಗಟ್ಟಿಯಾಗಿ, ಎಲ್ಲರ ಎದುರಿಗೇ.

"ಹಾಗಾದ್ರೆ ಎತ್ತಿಕೊಡಿ" ಅಂದ್ರು ಮದರ್.

ಅಕ್ಕ